ಯೆಹೆಜ್ಕೇಲ 38 ಈಗಿನ ಯುದ್ಧಗಳ ಬಗ್ಗೆಯೇ? ಬೈಬಲ್ ಅಧ್ಯಯನದಲ್ಲಿ ಹೇಗೆ ನಡೆಸುವುದು?

ಪಿಂಪ್ರಿಯಿಂದ:

ಎಲ್ಲರಿಗೂ ವಂದನೆಗಳು. ಇಲ್ಲಿಯ ಕನ್ನಡ ಸಭೆಯ ಯೌವನಸ್ಥರಿಗೆ ಮೂರು ಶನಿವಾರ, ತಲಾ ಒಂದು ಗಂಟೆ, "ಪ್ರವಾದನೆ ಮತ್ತು ಈಗಿನ ಯುದ್ಧಗಳು" ಎಂಬ ವಿಷಯ ನಡೆಸಬೇಕಿದೆ. ಹಮಾಸ್ ಇಸ್ರೇಲಿನ ಮೇಲೆ ದಾಳಿ ಮಾಡಿದ 2023ರ ಅಕ್ಟೋಬರ್ 7ರ ನಂತರ ವಾಟ್ಸ್‌ಆ್ಯಪ್‌ನಲ್ಲಿ ಹೆಚ್ಚು ತಿರುಗುತ್ತಿರುವುದು ಮೂರು ಭಾಗಗಳು. ಗೋಗ್ ಎಂಬ ನಾಯಕ ಅನೇಕ ಜನಾಂಗಗಳನ್ನು ಕೂಡಿಸಿಕೊಂಡು ಇಸ್ರಾಯೇಲಿನ ಮೇಲೆ ಬರುವ ಯೆಹೆಜ್ಕೇಲ 38 ಎಂದರೆ ರಷ್ಯಾ, ಇರಾನ್, ತುರ್ಕಿಗಳ ಕೂಟ ಅನ್ನುತ್ತಾರೆ. 2024ರ ಡಿಸೆಂಬರ್ 8ರಂದು ಸಿರಿಯಾದ ಅಸ್ಸಾದ್ ಸರ್ಕಾರ ಬಿದ್ದಾಗ ಯೆಶಾಯ 17ರ ದಮಸ್ಕ ಬಂತು. 2025ರ ಜೂನ್‌ನಲ್ಲಿ ಇಸ್ರೇಲ್-ಇರಾನ್ ನಡುವೆ 12 ದಿನ ಯುದ್ಧವಾದಾಗ ಯೆರೆಮೀಯ 49ರ ಏಲಾಮ್ (ಇರಾನಿನಲ್ಲಿದ್ದ ಪ್ರಾಚೀನ ನಾಡು) ಬಂತು.

ಮಕ್ಕಳು ದುಬೈ, ಕುವೈತ್‌ನಲ್ಲಿ ದುಡಿಯುತ್ತಿರುವ ಮನೆಗಳು ಸಭೆಯಲ್ಲಿ ಸಾಕಷ್ಟಿವೆ. ಅಲ್ಲಿ ಈ ಸಂದೇಶಗಳು ಹುಟ್ಟಿಸುವ ಭಯ ನಿಜವಾದದ್ದು. ಹಾಗಾಗಿ "ಇದೆಲ್ಲ ಸುಳ್ಳು" ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ಮನಸ್ಸಿಲ್ಲ, "ಹೌದು, ನೆರವೇರುತ್ತಿದೆ" ಎನ್ನಲು ಆಧಾರವೂ ಕಾಣುತ್ತಿಲ್ಲ. ವಾಕ್ಯವನ್ನೇ ಮುಂದಿಟ್ಟುಕೊಂಡು ಪರೀಕ್ಷಿಸುವ ಕ್ರಮ ಯಾವುದು? ಬಲ್ಲವರು ತಿಳಿಸಿ.

ಮುಲುಂಡ್ ಓದುಗ:

ದಮಸ್ಕದಿಂದ ಶುರುಮಾಡಿ. ಮೂರರಲ್ಲಿ ಅದೇ ಸುಲಭ, ಕ್ರಮವನ್ನು ಕಲಿಸುವುದಕ್ಕೂ ಒಳ್ಳೆಯದು.

ಸಂದೇಶಗಳಲ್ಲಿ ಬರುವುದು ಯೆಶಾಯ 17:1 ಮಾತ್ರ: ದಮಸ್ಕ ಪಟ್ಟಣವಾಗಿ ಉಳಿಯದೆ ಹಾಳುದಿಬ್ಬವಾಗುವುದು. ಮೊದಲು 17:1ರಿಂದ 6ರವರೆಗೆ ಎಲ್ಲರೂ ಗಟ್ಟಿಯಾಗಿ ಓದಲಿ. 3ನೇ ವಚನದಲ್ಲಿ ಎಫ್ರಾಯೀಮಿನ ಕೋಟೆಯೂ ದಮಸ್ಕದ ರಾಜ್ಯಾಧಿಕಾರವೂ ಒಟ್ಟಿಗೆ ಹೋಗುತ್ತವೆ ಎಂದಿದೆ. ಎಫ್ರಾಯೀಮ್ ಎಂದರೆ ಉತ್ತರದ ಇಸ್ರಾಯೇಲ್ ರಾಜ್ಯ. ಆಮೇಲೆ ಯೆಶಾಯ 7ಕ್ಕೆ ಹೋಗಿ: ದಮಸ್ಕದ ಅರಸ ರೆಚೀನನೂ ಇಸ್ರಾಯೇಲಿನ ಅರಸ ಪೆಕಹನೂ ಒಂದಾಗಿ ಯೆರೂಸಲೇಮಿನ ಮೇಲೆ ಬಂದಿದ್ದಾರೆ, ಯೆಹೂದದ ಅರಸ ಆಹಾಜ ನಡುಗುತ್ತಿದ್ದಾನೆ. ಕೊನೆಗೆ 2 ಅರಸುಗಳು 16:9. ಅಶ್ಶೂರದ ಅರಸ ದಮಸ್ಕವನ್ನು ಹಿಡಿದು, ಜನರನ್ನು ಸೆರೆ ಒಯ್ದು, ರೆಚೀನನನ್ನು ಕೊಲ್ಲುತ್ತಾನೆ. ಇದು ಕ್ರಿ.ಪೂ. 732ರ ಘಟನೆ, ಅರಸ ಮೂರನೇ ತಿಗ್ಲತ್ಪಿಲೆಸೆರ್. ಹತ್ತು ವರ್ಷದೊಳಗೆ, ಕ್ರಿ.ಪೂ. 722ರ ಸುಮಾರಿಗೆ, ಎಫ್ರಾಯೀಮಿನ ರಾಜಧಾನಿ ಸಮಾರ್ಯವೂ ಬಿತ್ತು.

ದಮಸ್ಕದ ವಾಕ್ಯವನ್ನು ಇವತ್ತಿನ ಸಿರಿಯಾಕ್ಕೆ ಹಚ್ಚುವವರನ್ನು ಒಂದೇ ಪ್ರಶ್ನೆ ಕೇಳಿ: ಅದೇ ಉಸಿರಿನಲ್ಲಿ ಹೇಳಿರುವ ಎಫ್ರಾಯೀಮ್ ಇವತ್ತು ಯಾವುದು? ಅರ್ಧ ವಚನವನ್ನು ವರ್ತಮಾನಕ್ಕೂ ಅರ್ಧವನ್ನು ಇತಿಹಾಸಕ್ಕೂ ಹಂಚಲು ಬರುವುದಿಲ್ಲ.

ಥಾಣೆ:

ನಾನು ಭವಿಷ್ಯದ ನೆರವೇರಿಕೆಯನ್ನು ನಂಬುವ ಪಂಗಡದವನು. ನಮ್ಮ ವಾದವನ್ನು ಅದರ ಬಲವಾದ ರೂಪದಲ್ಲಿ ಹೇಳಬೇಕಾಗಿದೆ, ಇಲ್ಲವಾದರೆ ಅಧ್ಯಯನ ಏಕಪಕ್ಷೀಯವಾಗುತ್ತದೆ.

ದಮಸ್ಕವನ್ನು ಅಶ್ಶೂರದವರು ಹಿಡಿದರು, ಸರಿ. ಆದರೆ ಅದು ಪಟ್ಟಣವಾಗಿ ಇಲ್ಲವಾಗಲಿಲ್ಲವಲ್ಲ, ಇವತ್ತಿಗೂ ಜನ ಅಲ್ಲಿದ್ದಾರೆ. 17:1ರ ಮಾತು ಅಕ್ಷರಶಃ ಆಗಿಲ್ಲವೆಂದಾದರೆ ಮುಂದೆ ಆಗಬೇಕು. ಯೆಹೆಜ್ಕೇಲ 38 ಇನ್ನೂ ಗಟ್ಟಿ. 8ನೇ ವಚನದಲ್ಲಿ ಕಾಲ ಅಂತ್ಯದ ವರ್ಷಗಳು, ದೇಶ ಕತ್ತಿಯಿಂದ ಚೇತರಿಸಿಕೊಂಡದ್ದು, ಜನ ಅನೇಕ ಜನಾಂಗಗಳೊಳಗಿಂದ ಕೂಡಿಬಂದವರು. 11ರಲ್ಲಿ ಗೋಡೆ, ಅಗುಳಿ, ಬಾಗಿಲುಗಳಿಲ್ಲದ ಹಳ್ಳಿಗಳು. ಇಂಥ ಸ್ಥಿತಿಯಲ್ಲಿದ್ದ ಇಸ್ರಾಯೇಲಿನ ಮೇಲೆ ಅಷ್ಟು ದೊಡ್ಡ ಕೂಟ ಬಂದು ಬೆಟ್ಟಗಳ ಮೇಲೆ ನಾಶವಾದ ದಾಖಲೆ ಇತಿಹಾಸದಲ್ಲಿಲ್ಲ. ಇಸ್ರೇಲ್ ದೇಶ ಸ್ಥಾಪನೆಯಾದ 1948ರ ಮೇ 14ರ ನಂತರವೇ ಆ ಭಾಗದ ಷರತ್ತುಗಳು ಒಂದೊಂದಾಗಿ ಕೂಡಿಬರುತ್ತಿವೆ ಎಂಬುದು ನಮ್ಮ ಓದು.

ಮುಲುಂಡ್ ಓದುಗ:

ದಮಸ್ಕದ ಬಗ್ಗೆ ಉತ್ತರ ಬೈಬಲಿನಲ್ಲೇ ಇದೆ. ಯೆಶಾಯನಿಗಿಂತ ಒಂದು ಶತಮಾನಕ್ಕೂ ಹೆಚ್ಚು ತಡವಾಗಿ ಬಂದ ಯೆರೆಮೀಯ 49:23ರಿಂದ 27ರಲ್ಲಿ ಮತ್ತೆ ದಮಸ್ಕಕ್ಕೆ ತೀರ್ಪು ಹೇಳುತ್ತಾನೆ, ಹೆಸರುವಾಸಿ ಪಟ್ಟಣವೆಂದು ಕರೆದೇ ಹೇಳುತ್ತಾನೆ. ಅಂದರೆ ಊರು ಎದ್ದು ನಿಂತಿತ್ತು, ಆದರೂ ಯೆಶಾಯನ ಮಾತು ಬಾಕಿ ಇದೆಯೆಂದು ಯೆರೆಮೀಯ ಎಲ್ಲೂ ಲೆಕ್ಕ ಹಾಕುವುದಿಲ್ಲ. ಪಟ್ಟಣ ಹಾಳುದಿಬ್ಬವಾಗುವುದು, ನರಿಗಳು ಸೇರುವುದು ಪ್ರವಾದಿಗಳು ತೀರ್ಪಿಗೆ ಬಳಸುವ ರೂಢಿಯ ಮಾತು. ಬಾಬೆಲಿನ ಬಗ್ಗೆ ಯೆಶಾಯ 13:19-22 ಇದನ್ನೇ ಹೇಳುತ್ತದೆ. ಕ್ರಿ.ಪೂ. 539ರಲ್ಲಿ ಪಾರಸಿಯ ಅರಸ ಕೋರೆಷನ ಸೈನ್ಯ ಒಳಹೊಕ್ಕಾಗ ಆ ಊರು ಹಾಳಾಗಲಿಲ್ಲ, ಶತಮಾನಗಳ ಮೇಲೆ ನಿಧಾನವಾಗಿ ಬರಿದಾಯಿತು.

ಯೆಹೆಜ್ಕೇಲನ ಪುಸ್ತಕದಲ್ಲೇ ಇದಕ್ಕಿಂತ ಸ್ಪಷ್ಟ ಉದಾಹರಣೆ ಇದೆ, ಒಂದಿಡೀ ಶನಿವಾರ ಕೊಡಬಹುದಾದಂಥದ್ದು. 26:7-14ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ತೂರ್ ಪಟ್ಟಣದ ಮೇಲೆ ಬರುತ್ತಾನೆ, ಐಶ್ವರ್ಯವೆಲ್ಲ ಸೂರೆಯಾಗುತ್ತದೆ, ಪಟ್ಟಣ ಬರಿಬಂಡೆಯಾಗುತ್ತದೆ. 29:17-20ಕ್ಕೆ ಬನ್ನಿ. ಸೆರೆಯ 27ನೇ ವರ್ಷ ಎಂಬ ತಾರೀಖಿನೊಡನೆ (ಕ್ರಿ.ಪೂ. 571) ಪ್ರವಾದಿ ಹೇಳುತ್ತಾನೆ: ತೂರಿನ ಮೇಲೆ ದುಡಿದು ಸೈನಿಕರೆಲ್ಲರ ತಲೆ ಬೋಳಾಯಿತು, ಹೆಗಲು ಸುಲಿಯಿತು, ಆದರೆ ಕೂಲಿ ಸಿಗಲಿಲ್ಲ, ಅದಕ್ಕೆ ಬದಲಾಗಿ ಐಗುಪ್ತ ಕೊಡುತ್ತೇನೆ. ಇದನ್ನು ಯಾರೂ ಮುಚ್ಚಿಡಲಿಲ್ಲ, ಅದೇ ಪುಸ್ತಕದೊಳಗೆ ಉಳಿಸಿಕೊಂಡರು. ಪ್ರವಾದಿ ಬದುಕಿದ್ದಾಗಲೇ ಅಕ್ಷರಶಃ ಲೆಕ್ಕ ಹೀಗೆ ಸಡಿಲವಾಗಿರುವಾಗ, 38ನೇ ಅಧ್ಯಾಯದ ವಚನಗಳನ್ನು ಒಪ್ಪಂದಪತ್ರದ ಕಲಮುಗಳಂತೆ ಒಂದೊಂದಾಗಿ ಟಿಕ್ ಮಾಡುವ ಓದಿಗೆ ಆ ಪುಸ್ತಕವೇ ಒಪ್ಪಿಗೆ ಕೊಡುವುದಿಲ್ಲ.

ಖಡ್ಕಿ:

ನಕ್ಷೆಯ ವಿಷಯಕ್ಕೆ ಬರುತ್ತೇನೆ, ತಪ್ಪು ಹೆಚ್ಚು ಆಗುವುದು ಅಲ್ಲೇ.

ಯೆಹೆಜ್ಕೇಲ 38:2-6ರ ಹೆಸರುಗಳನ್ನು ಬೋರ್ಡಿನ ಮೇಲೆ ಬರೆಯಿರಿ: ಮಾಗೋಗ್, ಮೆಷೆಕ್, ತೂಬಲ್, ಪಾರಸಿಯ (ಈಗಿನ ಇರಾನ್), ಕೂಷ್, ಪೂಟ್, ಗೋಮೆರ್, ತೋಗರ್ಮ. ಪಕ್ಕದಲ್ಲಿ ಪ್ರವಾದಿಯ ಕಾಲದ ಜಾಗ ಬರೆಯಿರಿ. ಮೆಷೆಕ್ ಮತ್ತು ತೂಬಲ್ ಅಶ್ಶೂರದ ಶಾಸನಗಳಲ್ಲಿ ಮುಷ್ಕಿ, ತಬಾಲ್ ಎಂದು ಬರುವ ರಾಜ್ಯಗಳು, ಇವತ್ತಿನ ತುರ್ಕಿಯ ಒಳನಾಡು. ಗೋಮೆರ್, ತೋಗರ್ಮಗಳೂ ಆ ಕಡೆಯವೇ. ಕೂಷ್ ಎಂದರೆ ಐಗುಪ್ತದ ದಕ್ಷಿಣ, ಈಗಿನ ಸುಡಾನ್ ಭಾಗ. ಪೂಟ್ ಲಿಬಿಯಾ. 27:13ರಲ್ಲಿ ಇದೇ ಮೆಷೆಕ್, ತೂಬಲ್‌ಗಳು ತೂರಿನ ಸಂತೆಗೆ ಗುಲಾಮರನ್ನೂ ತಾಮ್ರದ ಪಾತ್ರೆಗಳನ್ನೂ ತರುತ್ತಾರೆ. ಓದುಗರಿಗೆ ಗೊತ್ತಿದ್ದ ವ್ಯಾಪಾರಿ ಜನ ಅವರು.

ರಷ್ಯಾ ಎಲ್ಲಿಂದ ಬಂತು? 38:2ರ "ರೋಷ್" ಅನ್ನು ಕೆಲವು ಅನುವಾದಗಳು ಒಂದು ಜನಾಂಗದ ಹೆಸರೆಂದೂ ಕೆಲವು "ಮುಖ್ಯ" ಎಂಬ ವಿಶೇಷಣವೆಂದೂ ತೆಗೆದುಕೊಂಡಿವೆ. 19ನೇ ಶತಮಾನದ ಜರ್ಮನ್ ಹೀಬ್ರೂ ಪಂಡಿತ ಗೆಸೇನಿಯಸ್ ಅದನ್ನು ರಷ್ಯನ್ನರಿಗೆ ಹೊಂದಿಸಿದ. 1909ರಲ್ಲಿ ಬಂದ ಸ್ಕೋಫೀಲ್ಡ್ ಟಿಪ್ಪಣಿ ಬೈಬಲ್ ಮೆಷೆಕ್‌ಗೆ ಮಾಸ್ಕೋ, ತೂಬಲ್‌ಗೆ ತೊಬೋಲ್ಸ್ಕ್ ಎಂದು ಅಡಿಟಿಪ್ಪಣಿ ಹಾಕಿತು. ಉಚ್ಚಾರಣೆಯ ಹೋಲಿಕೆ ಬಿಟ್ಟರೆ ಅದಕ್ಕೆ ಬೇರೆ ಆಧಾರವಿಲ್ಲ. ಸಭೆಗಳಲ್ಲಿ ಇವತ್ತು ತೋರಿಸುವ ನಕ್ಷೆಗಳ ಮೂಲ ಬಹುಪಾಲು ಅದೇ.

ಅದಕ್ಕೂ ಹಿಂದಿನದನ್ನು ನೋಡಿದರೆ ಈ ವಿಧಾನದ ದೋಷ ಎದ್ದು ಕಾಣುತ್ತದೆ. ನಾಲ್ಕನೇ ಶತಮಾನದಲ್ಲಿ ಗೋಥರು ರೋಮ್ ಸಾಮ್ರಾಜ್ಯದ ಮೇಲೆ ಬಿದ್ದಾಗ ಮಿಲಾನಿನ ಬಿಷಪ್ ಆಂಬ್ರೋಸ್ "ಗೋಗನೆಂದರೆ ಗೋಥರು" ಎಂದ. 1529ರಲ್ಲಿ ತುರ್ಕರು ವಿಯೆನ್ನಾಕ್ಕೆ ಮುತ್ತಿಗೆ ಹಾಕಿದರು, ಮರುವರ್ಷವೇ ಲೂಥರ್ ಯೆಹೆಜ್ಕೇಲ 38, 39ನೇ ಅಧ್ಯಾಯಗಳನ್ನು ತುರ್ಕರಿಗೆ ಅನ್ವಯಿಸಿ ಪ್ರಕಟಿಸಿದ. 20ನೇ ಶತಮಾನದಲ್ಲಿ ಸೋವಿಯತ್ ಒಕ್ಕೂಟ. ಆಂಬ್ರೋಸ್, ಲೂಥರ್ ಇಬ್ಬರೂ ಅಸಾಮಾನ್ಯ ವಿದ್ವಾಂಸರು, ವಾಕ್ಯವನ್ನು ಪ್ರೀತಿಸಿದವರು. ಆದರೂ ಪ್ರತಿ ಸಲವೂ ಬಾಗಿಲಿಗೆ ಬಂದ ಶತ್ರುವೇ ಗೋಗನಾದ. ಬಂದ ಯಾವ ಶತ್ರುವಿಗೂ ಹೊಂದುವ ವಿಧಾನ ಯಾರನ್ನೂ ಗುರುತಿಸುವುದಿಲ್ಲ.

"ಥಾಣೆ"ಯವರಿಗೆ ಒಂದು ಪ್ರಶ್ನೆ. ಅಕ್ಷರಶಃ ಓದುವುದಾದರೆ 38:4ರ ಕುದುರೆ, ಗುರಾಣಿ, ಕತ್ತಿಗಳೂ 39:9ರ ಬಿಲ್ಲುಬಾಣಗಳನ್ನು ಏಳು ವರ್ಷ ಸೌದೆಯಾಗಿ ಉರಿಸುವುದೂ ಅಕ್ಷರಶಃ ಆಗಬೇಕಲ್ಲವೇ? ಆಯುಧಗಳು ಸಾಂಕೇತಿಕ, ದೇಶಗಳು ಮಾತ್ರ ಅಕ್ಷರಶಃ ಎನ್ನಲು ಮಾನದಂಡ ಯಾವುದು?

ಥಾಣೆ:

ಆಯುಧಗಳ ಪ್ರಶ್ನೆ ನ್ಯಾಯವಾದದ್ದೇ. ಪ್ರವಾದಿ ತನ್ನ ಕಾಲದ ಆಯುಧಗಳ ಹೆಸರಿನಲ್ಲಿ ಮುಂದಿನವನ್ನು ಹೇಳಿದ ಎಂಬುದು ನಮ್ಮವರ ಸಾಮಾನ್ಯ ಉತ್ತರ. ಅದನ್ನು ಒಪ್ಪಿದರೆ ದೇಶಗಳ ಹೆಸರಿಗೂ ಅದೇ ನಿಯಮ ಬರುತ್ತದೆ, ಅಷ್ಟು ನಿಜ. ಮಾಸ್ಕೋ ಟಿಪ್ಪಣಿಯನ್ನು ನಮ್ಮಲ್ಲೂ ಅನೇಕರು ಈಗ ಬಿಟ್ಟಿದ್ದಾರೆ. 1952ರಿಂದ ನ್ಯಾಟೋದಲ್ಲಿರುವ ತುರ್ಕಿಯನ್ನು ರಷ್ಯಾದ ಪಾಳೆಯಕ್ಕೆ ಸೇರಿಸುವ ನಕ್ಷೆಗಳನ್ನು ಸಮರ್ಥಿಸುವುದೂ ಕಷ್ಟ. ಆದರೆ 38:8ರ "ಕೂಡಿಬಂದ ಜನ" ನನ್ನ ಮಟ್ಟಿಗೆ ಹಾಗೇ ನಿಂತಿದೆ. ಇಲ್ಲೇ ನೋಡಿ, ರಾಯಗಡ ಜಿಲ್ಲೆಯ ಹಳ್ಳಿಗಳಲ್ಲಿ ಎಣ್ಣೆ ಗಾಣ ನಡೆಸಿ "ಶನಿವಾರ ತೇಲಿ" ಎನಿಸಿಕೊಂಡಿದ್ದ ಬೆನೆ ಇಸ್ರೇಲ್ ಎಂಬ ಯೆಹೂದ್ಯ ಸಮುದಾಯದವರಲ್ಲಿ ಹೆಚ್ಚಿನವರು 1948ರ ನಂತರ ಇಸ್ರೇಲಿಗೆ ಹೋದರು. ಯೆಶಾಯ 43:5-6 ಓದುವಾಗ ಅವರ ನೆನಪು ಬಾರದಿರಲು ಹೇಗೆ ಸಾಧ್ಯ?

ಮುಲುಂಡ್ ಓದುಗ:

ಬೆನೆ ಇಸ್ರೇಲಿಗರ ಹೆಸರು ಎತ್ತಿದ್ದು ಒಳ್ಳೆಯದಾಯಿತು, ಆ ಕಥೆಯನ್ನು ಪೂರ್ತಿ ಹೇಳಿ. ಇಸ್ರೇಲಿನ ಧಾರ್ಮಿಕ ಅಧಿಕಾರಿಗಳು ಅವರ ಯೆಹೂದ್ಯತನವನ್ನೇ ಪ್ರಶ್ನಿಸಿ ಮದುವೆಗಳಿಗೆ ತಡೆ ಹಾಕಿದ್ದರು. ಧರಣಿ ಹೂಡಿ ಹೋರಾಡಿ, 1964ರಲ್ಲಿ ಅವರು ಪೂರ್ಣ ಮಾನ್ಯತೆ ಪಡೆದರು. ಯೆಹೆಜ್ಕೇಲ 36:22-27ರಲ್ಲಿ ಕೂಡಿಬರುವಿಕೆಯ ಜೊತೆಗೇ ಶುದ್ಧೀಕರಣ, ಕಲ್ಲಿನ ಹೃದಯದ ಬದಲು ಮಾಂಸದ ಹೃದಯ, ನಿಯಮಗಳಂತೆ ನಡೆಯುವುದು ಇವೆ. 33:25-26ರಲ್ಲಿ ರಕ್ತ ಸುರಿಸಿ, ಕತ್ತಿಯನ್ನು ನಂಬಿದವರಿಗೆ ದೇಶ ಬಾಧ್ಯವಾಗುವುದೇ ಎಂದು ಪ್ರವಾದಿ ಇಸ್ರಾಯೇಲ್ಯರನ್ನೇ ಕೇಳುತ್ತಾನೆ. 38ಕ್ಕೆ ಹೋಗುವವರು ಈ ಎರಡು ಅಧ್ಯಾಯಗಳನ್ನು ಹಾರಿಸುತ್ತಾರೆ, ನನಗೆ ನಿಜವಾದ ತಕರಾರಿರುವುದು ಅದರ ಮೇಲೆ. ಗಾಜಾದ ಬಗ್ಗೆ, ಒತ್ತೆಯಾಳುಗಳ ಬಗ್ಗೆ, ಸತ್ತ ಮಕ್ಕಳ ಬಗ್ಗೆ ಪ್ರವಾದಿಯ ಮಾತು ಇವತ್ತಿಗೆ ಅನ್ವಯಿಸಬೇಕಾದರೆ ಅದು ಇಂಥ ವಚನಗಳ ಮೂಲಕ, ಮತ್ತು ಎರಡೂ ಕಡೆಯವರಿಗೆ ಅನ್ವಯಿಸುತ್ತದೆ.

ವಾಸ್ಕೊ:

ಕಥೋಲಿಕರ ಕಡೆಯಿಂದ ಸ್ವಲ್ಪ. ಪೂಜಾವರ್ಷದ ಕೊನೆಗೆ, ನವೆಂಬರಿನಲ್ಲಿ, ಲೂಕ 21, ಮಾರ್ಕ 13ರಂಥ ಪಾಠಗಳು ಪ್ರತಿ ವರ್ಷ ಸರದಿಯಂತೆ ಬರುತ್ತವೆ, ಯುದ್ಧವಿರಲಿ ಇಲ್ಲದಿರಲಿ. ಸುದ್ದಿ ನೋಡಿ ವಾಕ್ಯ ಆರಿಸುವ ಅಭ್ಯಾಸಕ್ಕೆ ಇದೊಂದು ತಡೆ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ದೈವಪ್ರಕಟಣೆಯ ದಾಖಲೆಯ 12ನೇ ಪರಿಚ್ಛೇದ, ಬರೆದವನು ತನ್ನ ಕಾಲದ ಯಾವ ಸಾಹಿತ್ಯಪ್ರಕಾರದಲ್ಲಿ ಏನು ಹೇಳಲು ಹೊರಟ ಎಂದು ಮೊದಲು ಹುಡುಕಬೇಕು ಎನ್ನುತ್ತದೆ. ನಿಮ್ಮ ಸಭೆ ಯಾವುದೇ ಇರಲಿ, ಕೀರ್ತನೆ 83ಕ್ಕೆ ಇದು ತಕ್ಷಣ ಉಪಯೋಗಕ್ಕೆ ಬರುತ್ತದೆ. ಹತ್ತು ಶತ್ರು ಜನಾಂಗಗಳ ಪಟ್ಟಿ ಇರುವುದರಿಂದ ಅದನ್ನೂ "ಬರಲಿರುವ ಯುದ್ಧ" ಎಂದು ಹಂಚುತ್ತಾರೆ. ಅದು ಆಸಾಫನ ಮೊರೆ. ಅಲ್ಲಿ ಮನುಷ್ಯರು ದೇವರಿಗೆ ಹೇಳುತ್ತಿದ್ದಾರೆ.

ಏಲಾಮಿನ ಬಗ್ಗೆ ಯಾರೂ ಬರೆದಿಲ್ಲ. ಯೆರೆಮೀಯ 49:34 ತಾರೀಖು ಕೊಟ್ಟೇ ಶುರುವಾಗುತ್ತದೆ: ಯೆಹೂದದ ಅರಸ ಚಿದ್ಕೀಯನ ಆಳಿಕೆಯ ಆರಂಭ, ಅಂದರೆ ಕ್ರಿ.ಪೂ. 597ರ ಸುಮಾರು. ಏಲಾಮ್ ಇರಾನಿನ ನೈಋತ್ಯ ಮೂಲೆ, ಶೂಷನ್ ಸುತ್ತಲಿನ ನಾಡು; ಇಡೀ ಇರಾನ್ ಅಲ್ಲ. "ಏಲಾಮಿನ ಬಿಲ್ಲನ್ನು ಮುರಿಯುವೆನು" ಎಂಬ 35ನೇ ವಚನವನ್ನು ಕ್ಷಿಪಣಿಯ ಚಿತ್ರದ ಮೇಲೆ ಹಾಕಿ ಕಳಿಸುವವರು 39ನೇ ವಚನ ಕಳಿಸುವುದಿಲ್ಲ. ಅಂತ್ಯದಲ್ಲಿ ಏಲಾಮಿನ ದುರವಸ್ಥೆಯನ್ನು ತಪ್ಪಿಸುವೆನು ಎಂಬ ವಾಗ್ದಾನ ಅಲ್ಲಿದೆ. ಅಪೊಸ್ತಲರ ಕೃತ್ಯಗಳು 2:9ರಲ್ಲಿ ಪಂಚಾಶತ್ತಮ ದಿನ ಯೆರೂಸಲೇಮಿನಲ್ಲಿ ನಿಂತು ಕೇಳುತ್ತಿದ್ದವರಲ್ಲಿ ಏಲಾಮ್ಯರೂ ಇದ್ದರು. ಈ ಮೂರನ್ನೂ ಒಟ್ಟಿಗೆ ಓದಿಸಿ.

ಖಡ್ಕಿ:

ಶನಿವಾರಗಳನ್ನು ಹಂಚುವುದಾದರೆ ಹೀಗೆ ಮಾಡಿ. ಮೊದಲನೆಯದು ಯೆಶಾಯ 17, ಮೇಲಿನವರು ಹೇಳಿದ ಕ್ರಮದಲ್ಲಿ. ಎರಡನೆಯದು ತೂರ್, ಆಮೇಲೆ ಯೆಹೆಜ್ಕೇಲ 36ರಿಂದ 39. ನಾಲ್ಕು ಅಧ್ಯಾಯಗಳನ್ನು ಬಿಡದೆ ಓದಲು 20-25 ನಿಮಿಷ ಬೇಕು, ಅದಕ್ಕೆ ಕತ್ತರಿ ಹಾಕಬೇಡಿ. ಅದರ ಬಾಲಕ್ಕೆ ಪ್ರಕಟನೆ 20:8 ಓದಿ: ಅಲ್ಲಿ ಗೋಗ್, ಮಾಗೋಗ್ ಭೂಮಿಯ ನಾಲ್ಕು ದಿಕ್ಕುಗಳ ಜನಾಂಗಗಳು, ಅದೂ ಸಾವಿರ ವರ್ಷದ ನಂತರ. ಮೂರನೆಯದು ಮತ್ತಾಯ 24. 6ನೇ ವಚನದಲ್ಲಿ ಯುದ್ಧಗಳ ಸುದ್ದಿ ಕೇಳಿ ಕಳವಳಪಡಬೇಡಿ, ಇದು ಇನ್ನೂ ಅಂತ್ಯವಲ್ಲ ಎಂದಿದೆ. ಗಲ್ಫಿನಲ್ಲಿ ಮಕ್ಕಳಿರುವ ತಾಯಂದಿರಿಗೆ ಅದನ್ನೇ ಓದಿ ಹೇಳಿ.

ತಾರೀಖು ಹೇಳುವ ಸಂದೇಶ ಬಂದರೆ, ಕಳಿಸಿದವರ ಹೆಸರು ತೆಗೆದು, ಹೇಳಿದ ಘಟನೆ ಮತ್ತು ಗಡುವನ್ನು ಒಂದು ವಹಿಯಲ್ಲಿ ಬರೆದಿಡಿ. ಗಡುವು ಮುಗಿದ ದಿನ ಹೇಳಿದ್ದು ನೆರವೇರದಿದ್ದರೆ ಅದು ಯೆಹೋವನ ಮಾತಲ್ಲ ಎನ್ನುವ ಧರ್ಮೋಪದೇಶಕಾಂಡ 18:22ರ ಜೊತೆ ಓದಿ. ಕ್ರಿಸ್ತನ ಪುನರಾಗಮನ 1844ರ ಅಕ್ಟೋಬರ್ 22 ಎಂದು ಅಮೆರಿಕದ ಬೋಧಕ ಮಿಲ್ಲರನ ಅನುಯಾಯಿಗಳು ಹೊಲ-ಮನೆ ಕೈಬಿಟ್ಟು ಕಾದಿದ್ದರು. 1948ಕ್ಕೆ 40 ವರ್ಷದ ಒಂದು ತಲೆಮಾರು ಸೇರಿಸಿ 1988 ಎಂದವರೂ ಇದ್ದರು. ಈ ಮಾತು ನಂಬಿ ಓದು ಬಿಟ್ಟವರು, ಉಳಿತಾಯ ಮುರಿದವರು ತೆರುವ ಬೆಲೆಯನ್ನು ತಾರೀಖು ಕೊಟ್ಟವರು ತೆರುವುದಿಲ್ಲ.

ಪಿಂಪ್ರಿಯಿಂದ:

ಎಲ್ಲರಿಗೂ ಕೃತಜ್ಞತೆಗಳು, ಇದೇ ಕ್ರಮದಲ್ಲಿ ನಡೆಸುತ್ತೇನೆ. ಒಂದು ಉಳಿದಿದೆ. ಯೂಫ್ರೇಟೀಸ್ ಬತ್ತಿದ ಫೋಟೋ ಹಾಕಿ, ಪೂರ್ವದ ಅರಸರಿಗೆ ದಾರಿಯಾಗುವಂತೆ ಆ ನದಿ ಬತ್ತುವುದೆಂಬ ಪ್ರಕಟನೆ 16:12 ನೆರವೇರಿತು ಎನ್ನುತ್ತಾರೆ. ಇದಕ್ಕೆ?

ಮುಲುಂಡ್ ಓದುಗ:

ನೀರು ಕಡಿಮೆಯಾಗಿರುವುದು ನಿಜ. ತುರ್ಕಿಯ ಅತಾತುರ್ಕ್ ಅಣೆಕಟ್ಟೂ ಸೇರಿ ಮೇಲ್ಭಾಗದ ಜಲಾಶಯಗಳು, ಮೇಲಿಂದ ಮೇಲೆ ಬರಗಾಲ, ನೀರಾವರಿ, ಇವು ಕಾರಣ. 1840ರ ಸುಮಾರಿಗೆ ಇದೇ ವಚನಕ್ಕೆ "ಬತ್ತುತ್ತಿರುವ ನದಿ ಎಂದರೆ ಕುಸಿಯುತ್ತಿರುವ ಒಟ್ಟೋಮನ್ ಸಾಮ್ರಾಜ್ಯ" ಎಂಬ ಅರ್ಥ ಚಾಲ್ತಿಯಲ್ಲಿತ್ತು.

ವಚನದ ಬೇರು ಹಳೆಯ ಒಡಂಬಡಿಕೆಯಲ್ಲಿದೆ. ಯೆಶಾಯ 44:27ರಿಂದ 45:1ರವರೆಗೆ ಓದಿಸಿ: ನದಿಗಳನ್ನು ಬತ್ತಿಸುವೆನು ಎಂದ ಮರುಮಾತಿಗೆ ಕೋರೆಷನ ಹೆಸರು ಬರುತ್ತದೆ. ಬಾಬೆಲಿನ ಸೆರೆ ಬಿಡಿಸಲು ಪೂರ್ವದಿಂದ ಬಂದ ಪಾರಸಿಯ ಅರಸ, ಯೆಹೋವನ ಅಭಿಷಿಕ್ತ. ಪ್ರಕಟನೆಯ ಓದುಗರಿಗೆ "ಪೂರ್ವದ ಅರಸರು", "ಬತ್ತಿದ ಯೂಫ್ರೇಟೀಸ್" ಎಂದರೆ ಬಾಬೆಲಿನ ಪತನ, ಆ ಹೊತ್ತಿಗೆ ಬಾಬೆಲ್ ಎಂದರೆ ರೋಮ್. ಮತ್ತೆ, ಪಾರಸಿಯರೆಂದರೆ ಪ್ರವಾದನೆಯಲ್ಲಿ ಶತ್ರುಗಳೇ ಎಂದುಕೊಂಡಿರುವ ಹುಡುಗರಿಗೆ 45:1 ಎರಡು ಸಲ ಓದಿಸಿ, ಎಜ್ರ 1:1-4 ಜೊತೆಗಿರಲಿ. ಇದಿಷ್ಟಕ್ಕೆ ಮೂರನೇ ಶನಿವಾರದ ಕೊನೆಯ ಕಾಲು ಗಂಟೆ ಸಾಕು.