110 ದಿನ ಪೇಮೆಂಟ್ ಕೊಡದವರು ‘ಸಪ್ಲೈಯರ್ ಕೋಡ್’ ಕಳಿಸಿದ್ದಾರೆ, ಸಹಿ ಹಾಕೋದಾ?

ಪೀಣ್ಯ_ಲೇತ್
ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಶೆಡ್. ಎರಡು ಸಿಎನ್‌ಸಿ (ಕಂಪ್ಯೂಟರ್‌ನಿಂದ ಓಡೋ ಮಷೀನ್), ಒಂದು ಹಳೇ ಲೇತ್, 11 ಜನ ಹುಡುಗರು. ಒಂದೇ ದೊಡ್ಡ ಪಾರ್ಟಿಗೆ, ಅಂದರೆ ಒಂದೇ ಗಿರಾಕಿ ಕಂಪನಿಗೆ, ಮುಕ್ಕಾಲು ಪಾಲು ಕೆಲಸ. ಹೋದ ವಾರ ಅವರಿಂದ ‘ಸಪ್ಲೈಯರ್ ಕೋಡ್’ ಅಂತ, ಅಂದರೆ ಮಾಲು ಕೊಡುವವರು ಪಾಲಿಸಬೇಕಾದ ನಿಯಮಗಳು ಅಂತ, 14 ಪುಟದ ಫಾರಂ ಬಂತು. ಬಾಲಕಾರ್ಮಿಕರು ಇದ್ದಾರಾ, ವೇಸ್ಟ್ ಆಯಿಲ್ ಎಲ್ಲಿಗೆ ಹೋಗುತ್ತೆ, ಪಿಎಫ್ ಚಲನ್ ಕೊಡಿ, ‘ಸ್ಕೋಪ್ 1, ಸ್ಕೋಪ್ 2’ (ನಾವು ಸುಡುವ ಇಂಧನದಿಂದ, ಬಳಸುವ ಕರೆಂಟಿನಿಂದ ಆಗೋ ಇಂಗಾಲದ ಹೊಗೆ) ಎಷ್ಟು ಅಂತೆಲ್ಲ. ನಮ್ಮ ಹುಡುಗ ಅದನ್ನು ಓದಿ, ಇದು ಯಾವ ಗೇಜು ಅಣ್ಣಾ ಅಂತ ಕೇಳಿದ. ಕೇಳಲಿ ಬಿಡಿ, ಆದರೆ ಅದೇ ಪಾರ್ಟಿ ನನ್ನ ಬಿಲ್ ಪಾಸ್ ಮಾಡೋಕೆ 110 ದಿನ ತಗೊಳ್ಳುತ್ತೆ. ಅದರ ಬಗ್ಗೆ ಆ 14 ಪುಟದಲ್ಲಿ ಒಂದು ಸಾಲೂ ಇಲ್ಲ. ಸುಮ್ನೆ ಎಲ್ಲಕ್ಕೂ ‘ಯೆಸ್’ ಹಾಕಿ ಕಳಿಸಲಾ?

ಪರ್ಚೇಸ್_ಮೇಡಂ
ಸುಮ್ನೆ ‘ಯೆಸ್’ ಹಾಕಬೇಡಿ ಸರ್. ನಾಳೆ ಆಡಿಟ್‌ಗೆ ಬಂದರೆ ಸಿಕ್ಕಿಹಾಕಿಕೊಳ್ಳೋದು ನೀವೇ. ಇಎಸ್‌ಐ 10 ಜನರಿಂದ, ಪಿಎಫ್ 20 ಜನರಿಂದ ಕಡ್ಡಾಯ. ನಿಮಗೆ ಇಎಸ್‌ಐ ಬರುತ್ತೆ, ಪಿಎಫ್‌ಗೆ ‘ಅನ್ವಯಿಸಲ್ಲ’ ಅಂತ ಬರೀರಿ.
ಈ ಫಾರಂ ಯಾಕೆ ಬಂತು ಅಂದರೆ, ಷೇರುಪೇಟೆಯ ಟಾಪ್ 1000 ಕಂಪನಿಗಳು 2022-23ರಿಂದ ಸೆಬಿ (ಷೇರುಪೇಟೆ ನಿಯಂತ್ರಕ) ನಿಯಮದ ಪ್ರಕಾರ ಬಿಆರ್‌ಎಸ್‌ಆರ್ ಅನ್ನೋ ವರದಿ, ಅಂದರೆ ಪರಿಸರ, ಕಾರ್ಮಿಕರ ವಿಷಯದಲ್ಲಿ ಕಂಪನಿ ಹೇಗೆ ನಡೆದುಕೊಳ್ಳುತ್ತೆ ಅನ್ನೋ ಲೆಕ್ಕ, ಕೊಡಲೇಬೇಕು. ನಾವು ಪರ್ಚೇಸ್‌ನವರು ಅದಕ್ಕೆ ಮಾಹಿತಿ ಒಟ್ಟುಮಾಡೋಕೆ ಎಲ್ಲರಿಗೂ ಒಂದೇ ಫಾರಂ ಕಳಿಸಿಬಿಡುತ್ತೀವಿ, ಶೆಡ್ ಚಿಕ್ಕದಾ ದೊಡ್ಡದಾ ಅಂತ ನೋಡೋದಿಲ್ಲ, ಅದು ನಮ್ಮ ಸೋಮಾರಿತನ. ಮಜಾ ಏನು ಗೊತ್ತಾ? ಬಾಕಿ ಬಿಲ್ ತೀರಿಸೋಕೆ ಸರಾಸರಿ ಎಷ್ಟು ದಿನ ತಗೊಳ್ಳುತ್ತೀವಿ, ಸಣ್ಣ ಉದ್ಯಮಗಳಿಂದ ಎಷ್ಟು ಪರ್ಸೆಂಟ್ ಮಾಲು ಕೊಳ್ಳುತ್ತೀವಿ ಅನ್ನೋ ಕಾಲಂ ಕೂಡ ಆ ವರದಿಯಲ್ಲಿದೆ. ನಿಮ್ಮ ಪಾರ್ಟಿ ಲಿಸ್ಟೆಡ್ ಆಗಿದ್ದರೆ ಅವರ ವೆಬ್‌ಸೈಟ್‌ನಲ್ಲೇ ಸಿಗುತ್ತೆ, ತೆಗೆದು ನೋಡಿ.

ಗೋಕುಲ್‌ರೋಡ್_ಫ್ಯಾಬ್ರಿಕೇಷನ್
ಅಣ್ಣ, ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸೋ ನೋಂದಣಿ) ಇದೆಯಾ? ಇದ್ದರೆ 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆ ಪ್ರಕಾರ ಪೇಮೆಂಟ್ 45 ದಿನ ಮೀರುವ ಹಾಗಿಲ್ಲ. ಪಿಒದಲ್ಲಿ (ಪರ್ಚೇಸ್ ಆರ್ಡರ್) 90 ದಿನ ಅಂತ ಬರೆದಿದ್ದರೂ ಅಷ್ಟೇ. ಮೀರಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸರ್ಕಾರದ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಆದರೆ ದೂರು ಹಾಕಿದ ಮೇಲೆ ಮುಂದಿನ ಆರ್ಡರ್ ಯಾರು ಕೊಡುತ್ತಾರೆ, ಅದಕ್ಕೇ ನಾವೆಲ್ಲ ಬಾಯಿ ಮುಚ್ಚಿಕೊಂಡಿರೋದು.
2024ರ ಏಪ್ರಿಲ್‌ನಿಂದ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಸೆಕ್ಷನ್ ಬಂತು. ಟೈಮಿಗೆ ಕೊಡದಿದ್ದರೆ, ನಿಜವಾಗಿ ದುಡ್ಡು ಕೊಡುವ ವರ್ಷದವರೆಗೆ ಅವರಿಗೆ ಆ ಖರ್ಚು ತೋರಿಸೋಕೆ ಆಗಲ್ಲ. ಆಮೇಲೆ ಮಾರ್ಚ್ ಬಂದರೆ ಅವರೇ ಫೋನ್ ಮಾಡುತ್ತಾರೆ! ನಮ್ಮ ಒಬ್ಬ ಪಾರ್ಟಿ ಮಾತ್ರ, ಈ ನಿಯಮ ತಮಗೆ ತಾಗದಿರಲಿ ಅಂತ, ‘ಬಿಲ್‌ನಿಂದ ಉದ್ಯಮ್ ನಂಬರ್ ತೆಗೀರಿ’ ಅಂದರು. ಅವರೂ ಗೋಡೆ ಮೇಲೆ ಅದೇ ಕೋಡ್ ಫ್ರೇಮ್ ಹಾಕಿಸಿದ್ದಾರೆ.

ಗಾರ್ಮೆಂಟ್ಸ್_ಎಚ್‌ಆರ್
ಫಾರಂ ಪೂರ್ತಿ ದಂಡ ಅಂತ ನಾನು ಒಪ್ಪಲ್ಲ. ಹತ್ತು ವರ್ಷ ಆಡಿಟ್ ನೋಡಿದ್ದೀನಿ. ಆಡಿಟ್ ದಿನ ಮಾತ್ರ ಫೈರ್ ಎಕ್ಸಿಟ್ ಬೀಗ ತೆಗೆಯೋದನ್ನೂ ನೋಡಿದ್ದೀನಿ, ಆಡಿಟ್ ಬಂದಿದ್ದಕ್ಕೇ ಹೆಣ್ಣುಮಕ್ಕಳಿಗೆ ಇನ್ನೆರಡು ಟಾಯ್ಲೆಟ್ ಆಗಿದ್ದನ್ನೂ ನೋಡಿದ್ದೀನಿ.
2013ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶದ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಜಾಸ್ತಿ ಜನ ಸತ್ತರಲ್ವಾ, ಆ ಕಟ್ಟಡದೊಳಗಿನ ಫ್ಯಾಕ್ಟರಿಗೂ ಆಡಿಟ್ ಆಗಿತ್ತು. ಕಾಗದ ಸರಿಯಿತ್ತು, ಗೋಡೆ ಸರಿಯಿರಲಿಲ್ಲ. ಆಮೇಲೆ ಬಟ್ಟೆ ಬ್ರ್ಯಾಂಡ್‌ಗಳು ಸಹಿ ಹಾಕಿದ ‘ಅಕಾರ್ಡ್’ ಅನ್ನೋ ಸುರಕ್ಷತಾ ಒಪ್ಪಂದದಲ್ಲಿ ಒಂದು ಮುಖ್ಯ ಮಾತಿತ್ತು: ರಿಪೇರಿ ಮಾಡಿಸೋಕೆ ಫ್ಯಾಕ್ಟರಿಗೆ ದುಡ್ಡು ಹುಟ್ಟುವ ಹಾಗೆ ಬ್ರ್ಯಾಂಡ್‌ಗಳೂ ವ್ಯವಹಾರ ಕುದುರಿಸಬೇಕು. ನೀವೂ ಹಾಗೇ ಕೇಳಿ. ರೇಟ್ ಪ್ರತಿ ವರ್ಷ 3 ಪರ್ಸೆಂಟ್ ಇಳಿಸು, ಜೊತೆಗೆ ಮಷೀನ್‌ಗೆ ಗಾರ್ಡ್ ಹಾಕಿಸು ಅಂದರೆ ದುಡ್ಡು ಎಲ್ಲಿಂದ ಬರಬೇಕು?

ಪೀಣ್ಯ_ಲೇತ್
ಎಲ್ಲರಿಗೂ ಥ್ಯಾಂಕ್ಸ್. ಇದ್ದದ್ದು ಇದ್ದ ಹಾಗೆ ತುಂಬಿದೆ, ಸ್ಕೋಪ್ ಕಾಲಂಗೆ ಕರೆಂಟ್ ಬಿಲ್ ಲಗತ್ತಿಸಿದೆ. ಕೊನೆಗೆ ನಮ್ಮ ಉದ್ಯಮ್ ನಂಬರ್ ಹಾಕಿ, ‘ನಿಮ್ಮ ವರದಿಯಲ್ಲಿ 62 ದಿನ ಅಂತಿದೆ, ನಮಗೆ 110 ಆಗುತ್ತಿದೆ, ಸ್ವಲ್ಪ ನೋಡಿ’ ಅಂತ ಬರೆದೆ. ಇನ್ನೂ ಉತ್ತರ ಇಲ್ಲ. ಫಾರಂ ತುಂಬುವಾಗ ಬಾಗಿಲ ಹಿಂದಿನ ಬೆಂಕಿ ಆರಿಸೋ ಸಿಲಿಂಡರ್ ನೋಡಿದರೆ ಡೇಟ್ 2022ಕ್ಕೇ ಮುಗಿದಿತ್ತು. ಅದನ್ನ ಮಾತ್ರ ಇವತ್ತೇ ತುಂಬಿಸಿದೆ, ಅದು ನಮ್ಮದೇ ತಪ್ಪು.