ಅಪ್‌ಡೇಟ್: ಮಗಳಿಗೆ ಸ್ಟೆಂಟ್ ಹಾಕಿಸಿದೆವು

ಮಗಳ ಎಡ ಶ್ವಾಸಕೋಶದ ರಕ್ತನಾಳ ಕಿರಿದಾಗಿದೆ, ಇಷ್ಟು ಸಣ್ಣವಳಿಗೇ ಸ್ಟೆಂಟ್ (ನಾಳವನ್ನು ತೆರೆದಿಡುವ ಪುಟ್ಟ ಲೋಹದ ಜಾಲರಿ ಕೊಳವೆ) ಬೇಕಾ, ಕಾಯಬಹುದಾ ಅಂತ ಕಾರವಾರದಿಂದ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಮಂಗಳೂರಿಗೆ ಹೋಗಿ ಹಾಕಿಸಿದೆವು. ಆರಾಮಿದ್ದಾಳೆ, ನಿನ್ನೆ ಟಾಗೋರ್ ಬೀಚಿನಲ್ಲಿ ಅಣ್ಣನ ಹಿಂದೆ ಓಡಿದಳು, ಮೊದಲಿನಂತೆ ಏದುಸಿರು ಬಿಟ್ಟು ಕೂತುಬಿಡಲಿಲ್ಲ.

ಮಗು ಬೆಳೆದ ಹಾಗೆ ಸ್ಟೆಂಟ್ ಬೆಳೆಯುವುದಿಲ್ಲವಲ್ಲ ಅನ್ನುವುದೇ ನನ್ನ ದೊಡ್ಡ ಭಯವಾಗಿತ್ತು. ಅದು ನಿಜವೇ. ಆದರೆ ಮುಂದೆ ದೊಡ್ಡ ಬಲೂನಿನಿಂದ ಹಿಗ್ಗಿಸಬಹುದಾದದ್ದನ್ನೇ ಆರಿಸಿದ್ದಾರೆ. ಡಾಕ್ಟ್ರು ಮಾದರಿಯೊಂದನ್ನು ಕೈಗೆ ಕೊಟ್ಟರು: ಬಲೂನಿನ ಮೇಲೆ ಬಿಗಿದಿದ್ದ ಜಾಲರಿ, ಪೆನ್ನಿನ ರೀಫಿಲ್‌ನಷ್ಟು ಸಪೂರ. ತುಂಬಾ ಕಾದರೆ ಆ ಶ್ವಾಸಕೋಶಕ್ಕೆ ರಕ್ತ ಸಾಲದೆ ಅದರ ನಾಳಗಳು ಸರಿಯಾಗಿ ಬೆಳೆಯದೇ ಹೋಗಬಹುದು, ಹೃದಯದ ಬಲಭಾಗಕ್ಕೂ ಒತ್ತಡ ಅಂದರು. ಸ್ಟೆಂಟನ್ನು ತೊಡೆಸಂದಿಯ ರಕ್ತನಾಳದಿಂದಲೇ ಒಯ್ದರು, ಎದೆ ತೆರೆಯಲಿಲ್ಲ.

ಹಿಗ್ಗಿಸಲು ಮತ್ತೆ ಹೋಗಲೇಬೇಕು, ಮನಸ್ಸು ಗಟ್ಟಿ ಮಾಡಿಕೊಂಡಿದ್ದೇವೆ. ಸದ್ಯಕ್ಕೆ ಆಸ್ಪಿರಿನ್, ಆಮೇಲೆ ಎಕೋ (ಹೃದಯದ ಸ್ಕ್ಯಾನ್).