ಅಪ್‌ಡೇಟ್: ಬಿಳಿ ಪರದೆ ಹೋಯಿತು, ಸೈಟ್ ವಾಪಸ್ ಬಂತು

ಹೋದ ವಾರ ಕೇಳಿದ್ದೆ, ನೆನಪಿದೆಯಾ? ನಮ್ಮೂರ ಗ್ರಂಥಾಲಯದ ವರ್ಡ್‌ಪ್ರೆಸ್ (ವೆಬ್‌ಸೈಟ್ ನಡೆಸುವ ತಂತ್ರಾಂಶ) ಸೈಟ್‌ನಲ್ಲಿ ಪ್ಲಗಿನ್‌ಗಳನ್ನು (ಸೈಟ್‌ಗೆ ಹೆಚ್ಚಿನ ಸೌಲಭ್ಯ ಸೇರಿಸುವ ಸಣ್ಣ ತಂತ್ರಾಂಶಗಳು) ಅಪ್‌ಡೇಟ್ ಮಾಡಿದ ಮೇಲೆ ಬರೀ ಬಿಳಿ ಪರದೆ, ಲಾಗಿನ್ ಕೂಡ ಆಗುತ್ತಿಲ್ಲ ಅಂತ. ಈಗ ಸರಿಹೋಗಿದೆ!

ನೀವು ಹೇಳಿದಂತೆ ಹೋಸ್ಟಿಂಗ್‌ನ (ಸೈಟ್‌ನ ಫೈಲುಗಳನ್ನು ಇಟ್ಟಿರುವ ಸೇವೆ) ಫೈಲ್ ಮ್ಯಾನೇಜರ್‌ಗೆ ಹೋಗಿ, ಡಬ್ಲ್ಯೂಪಿ-ಕಂಟೆಂಟ್ (wp-content) ಫೋಲ್ಡರ್ ಒಳಗಿನ 'ಪ್ಲಗಿನ್ಸ್' ಫೋಲ್ಡರ್‌ನ ಹೆಸರು ಬದಲಿಸಿದೆ. ತಕ್ಷಣ ಲಾಗಿನ್ ಆಯಿತು. ಪ್ಲಗಿನ್ ಪುಟ ತೆರೆದಾಗ ಎಲ್ಲವೂ ಆಫ್ ಆಗಿದ್ದವು. ಫೋಲ್ಡರ್‌ಗೆ ಮತ್ತೆ ಹಳೇ ಹೆಸರು ಕೊಟ್ಟು, ಪ್ಲಗಿನ್‌ಗಳನ್ನು ಒಂದೊಂದೇ ಆನ್ ಮಾಡುತ್ತಾ ಹೋದೆ. ಫೋಟೋ ಗ್ಯಾಲರಿಯದ್ದು ಆನ್ ಮಾಡಿದ ಕೂಡಲೇ ಮತ್ತೆ ಎರರ್. ಸಿಕ್ಕಿಬಿತ್ತು ಕಳ್ಳ! ಅದನ್ನು ತೆಗೆದುಹಾಕಿದೆ.

ಬರಹಗಳೆಲ್ಲ ಹೋದವು ಅಂತ ಎರಡು ರಾತ್ರಿ ನಿದ್ದೆ ಬಂದಿರಲಿಲ್ಲ. ಅವು ಡೇಟಾಬೇಸ್‌ನಲ್ಲಿ (ಸೈಟ್‌ನ ಬರಹಗಳು ಉಳಿಯುವ ಜಾಗ) ಹಾಗೇ ಇದ್ದವು. ಈಗ ಅಪ್‌ಡೇಟ್‌ಗೆ ಮೊದಲು ಫೈಲು, ಡೇಟಾಬೇಸ್ ಎರಡನ್ನೂ ಬ್ಯಾಕಪ್ ತೆಗೆಯುತ್ತಿದ್ದೇನೆ. ತುಂಬಾ ಥ್ಯಾಂಕ್ಸ್ ಎಲ್ಲರಿಗೂ.